ನೀರು ಮೊದಲು ಬರುವುದು ಬಚ್ಚಲಿನಿಂದ

ಗುಡುಗು, ಸಿಡಿಲು, ಧೋ ಅಂತ ಮಳೆ ಶುರುವಾದರೆ ಎಲ್ಲರ ಕಣ್ಣೂ ಮುಂಬಾಗಿಲ ಮೇಲೆ. ತಗ್ಗಿನ ಬೀದಿಯ ನೆಲಮಹಡಿಯಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿರುವ ನಾನು ಮಾತ್ರ ಬಚ್ಚಲಿಗೆ ಹೋಗಿ ಜಾಲರಿಗೆ ಕಿವಿ ಕೊಡುತ್ತೇನೆ. ಬೀದಿಯ ಒಳಚರಂಡಿ ಕಟ್ಟಿಕೊಂಡರೆ ಮನೆಯ ನೀರು ಹೊರಗೆ ಹೋಗುವ ಕೊಳವೆಯಲ್ಲೇ ಹೊರಗಿನದು ಒಳಗೆ ಬರುತ್ತದೆ. ಮೊದಲು ಗುಳುಗುಳು ಸದ್ದು, ಆಮೇಲೆ ಗುಳ್ಳೆ, ಆಮೇಲೆ ಕಪ್ಪು ನೀರು. ಹೊಸಿಲು ಇನ್ನೂ ಒಣಗಿರುವಾಗಲೇ ಹಿಂದಿನ ಕೋಣೆ ಒದ್ದೆಯಾಗಿರುತ್ತದೆ.

ಕೆಲಸಕ್ಕೆ ಬರುವ ಹೊತ್ತು ಅಂದರೆ ಮಳೆಗೆ ಮುಂಚಿನ ಹೊತ್ತು. ಸೆಕೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿದರೆ, ಮೋಡದೊಳಗೆ ತಂಪಾದ ಗಾಳಿ ಕೆಳಗೆ ಸುರಿಯುತ್ತಿದೆ ಎಂದರ್ಥ; ಮಳೆ ಹತ್ತಿರದಲ್ಲೇ ಇದೆ. ಆಗಲೇ ಟಿವಿ, ಕಂಪ್ಯೂಟರ್, ವೈಫೈ ಪೆಟ್ಟಿಗೆಗಳ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಟಿವಿ, ವೈಫೈಗೆ ಹೊರಗಿನಿಂದ ಬರುವ ಕೇಬಲನ್ನೂ ಬಿಚ್ಚಿಡಿ. ಕರೆಂಟಿನ ದಿಢೀರ್ ಏರಿಕೆಯನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಇದೆ ಎಂಬ ಧೈರ್ಯ ಬೇಡ, ಪಕ್ಕದಲ್ಲೇ ಬಿದ್ದ ಸಿಡಿಲನ್ನು ಅದು ತಡೆಯುವುದಿಲ್ಲ. ಮಿಂಚು ಶುರುವಾದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ. ಟಿವಿ ಹೋದರೆ ಹೋಗಲಿ.

ತಾರಸಿಯ ನೀರು ಇಳಿಯುವ ಬಾಯಲ್ಲಿ ಎಲೆ, ಕಸ ಕೂತಿದ್ದರೆ ಅದನ್ನೂ ಮೋಡ ಕವಿಯುವ ಮೊದಲೇ ತೆಗೆದಿರಬೇಕು. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 50 ಮಿಲಿಮೀಟರ್ ಸುರಿದರೆ 5,000 ಲೀಟರ್, ಅಂದರೆ 5 ಟನ್ ಭಾರ. ಅದನ್ನೆಲ್ಲ ಒಂದು ಹಿಡಿ ಎಲೆ ತಡೆದು ನಿಲ್ಲಿಸಬಲ್ಲದು.

ಸಿಡಿಲು ಎಷ್ಟು ದೂರ ಅನ್ನುವುದಕ್ಕೆ ಮಿಂಚಿದ ತಕ್ಷಣ ಎಣಿಸಿ. ಗುಡುಗು ಕೇಳುವವರೆಗೆ ಪ್ರತಿ 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಬಂದರೆ ಅಂಗಳದಲ್ಲಿರುವವರೆಲ್ಲ ಒಳಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಕಾಲಿಡುವಂತಿಲ್ಲ. ಒಳಗಿದ್ದರೂ ಸ್ನಾನ, ಪಾತ್ರೆ ತೊಳೆಯುವುದು ಬೇಡ, ಏಕೆಂದರೆ ಸಿಡಿಲು ನಲ್ಲಿಯ ಕೊಳವೆ ಹಿಡಿದು ಬರಬಲ್ಲದು. ಕಾಂಕ್ರೀಟ್ ಗೋಡೆಗೆ ಒರಗುವುದೂ ಬೇಡ, ಒಳಗೆ ಕಬ್ಬಿಣದ ಸರಳು ಇರುತ್ತದೆ. ಮೊಬೈಲ್ ಸಿಡಿಲನ್ನು ಕರೆಯುತ್ತದೆ ಎಂದು ನಮ್ಮತ್ತೆ ಈಗಲೂ ವಾದಿಸುತ್ತಾರೆ. ಇಲ್ಲ ಅತ್ತೆ, ಚಾರ್ಜರ್‌ಗೆ ಸಿಕ್ಕಿಸಿಡದಿದ್ದರೆ ಅದರಿಂದ ಏನೂ ತೊಂದರೆಯಿಲ್ಲ.

ಈಗ ಬಚ್ಚಲಿಗೆ ಬರೋಣ. ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಮರಳು ತುಂಬಿ, ಗಾಳಿ ಹಿಂಡಿ ತೆಗೆದು ಬಾಯಿ ಕಟ್ಟಿ, ಅದರ ಮೇಲೆ ಇನ್ನೊಂದು ಚೀಲ ಹಾಕಿ. ಪೂರ್ತಿ ತುಂಬಿದರೆ ಕಲ್ಲಿನಂತೆ ಬಿಗಿಯಾಗಿ ಸಂದಿ ಬಿಡುತ್ತದೆ. ಅರ್ಧ ತುಂಬಿದ್ದು ಮಾತ್ರ ಕಮೋಡಿನ ಬಾಯಿಗೆ ಮೆತ್ತಗೆ ಒತ್ತಿ ಕೂರುತ್ತದೆ. ಜಾಲರಿಯ ಮೇಲೆ ಹಳೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೊಂದು ಮರಳಿನ ಚೀಲ, ಅದರ ಮೇಲೆ ನೀರು ತುಂಬಿದ ಬಕೆಟ್. ನೀರು ಪೂರ್ತಿ ನಿಲ್ಲುತ್ತದೆ ಅನ್ನುವುದಿಲ್ಲ, ಆದರೆ ಉಕ್ಕುವುದು ಜಿನುಗುವುದಕ್ಕೆ ಇಳಿದರೂ ಸಾಮಾನು ಎತ್ತಿಡಲು ಪುರಸೊತ್ತು ಸಿಗುತ್ತದೆ. ಅಷ್ಟು ಹೊತ್ತು ಫ್ಲಶ್ ಮಾಡಬೇಡಿ, ವಾಷಿಂಗ್ ಮೆಷಿನ್ ಹಾಕಬೇಡಿ. ಹೋಗಲು ದಾರಿಯಿಲ್ಲದೆ ನಿಮ್ಮ ನೀರು ನಿಮ್ಮ ಮನೆಗೇ ಬರುತ್ತದೆ.

ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಚೀಲಗಳನ್ನು ಬಾಯಿ ಅಡಿಗೆ ಮಡಚಿ, ಸಂದಿಯ ಮೇಲೆ ಸಂದಿ ಬಾರದಂತೆ ಜೋಡಿಸಿ ತುಳಿದರೆ ಆಯಿತು.

ಕರೆಂಟಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನೀರು ಅತಿ ಕೆಳಗಿನ ಸಾಕೆಟ್ಟಿಗೆ ಮುಟ್ಟುವ ಮೊದಲೇ, ಒಣ ನೆಲದಲ್ಲಿ ನಿಂತು, ಒಣ ಕೈಯಲ್ಲಿ ಮೇನ್ ಸ್ವಿಚ್ ಇಳಿಸಬೇಕು. ಬೋರ್ಡಿನ ಕೆಳಗೆ ಆಗಲೇ ನೀರು ನಿಂತಿದ್ದರೆ ಅದರ ಹತ್ತಿರ ಹೋಗಲೇಬಾರದು. ಬಹಳ ಜನ ಮರೆಯುವುದು ಇನ್ವರ್ಟರನ್ನು: ಮೇನ್ ಇಳಿಸಿದ ಮರುಕ್ಷಣವೇ ಅದು ಬ್ಯಾಟರಿಯಿಂದ ಕರೆಂಟು ಕೊಡಲು ಶುರು ಮಾಡುತ್ತದೆ. ದೀಪ ಉರಿಯುತ್ತಿದ್ದರೆ ಸಾಕೆಟ್ಟೂ ಜೀವಂತವಾಗಿರಬಹುದು. ಅದನ್ನೂ ಆರಿಸಿ, ಟಾರ್ಚ್ ಹಿಡಿಯಿರಿ. ಗ್ಯಾಸ್ ರೆಗ್ಯುಲೇಟರ್ ಮುಚ್ಚುವುದಂತೂ ಇದ್ದೇ ಇದೆ.

ವಯಸ್ಸಾದವರು, ಮಕ್ಕಳು, ಔಷಧಿ, ಕಾಗದಪತ್ರದ ಚೀಲ ಮಹಡಿಗೆ ಹೋಗಬೇಕಾದದ್ದು ಎಲ್ಲಕ್ಕಿಂತ ಮೊದಲು. ಮಹಡಿ ಮನೆಯವರ ಹತ್ತಿರ ಈ ಮಾತನ್ನು ಮಳೆಗಾಲಕ್ಕೆ ಮುಂಚೆಯೇ ಆಡಿಟ್ಟುಕೊಂಡಿರಿ. ಬಾಗಿಲ ಆಚೆ ಅರ್ಧ ಮೀಟರ್ ನೀರು ನಿಂತರೆ, 90 ಸೆಂಟಿಮೀಟರ್ ಅಗಲದ ಕದದ ಮೇಲೆ ಬೀಳುವ ಒತ್ತಡ ಸುಮಾರು 110 ಕಿಲೋ ಭಾರಕ್ಕೆ ಸಮ. ಹೊರಕ್ಕೆ ತೆರೆಯುವ ಕದವಾದರೆ ಒಬ್ಬರ ಕೈಯಲ್ಲಿ ಆಗದು. ಒಳಕ್ಕೆ ತೆರೆಯುವುದಾದರೆ ಚಿಲಕ ತೆಗೆದ ಕೂಡಲೇ ನಿಮ್ಮನ್ನೇ ಬೀಳಿಸುತ್ತದೆ. ನೆಲಮಾಳಿಗೆಯಲ್ಲಿ ಕಾರು, ಬೈಕು ಏನೇ ಇರಲಿ, ಅದಕ್ಕಾಗಿ ಇಳಿಯಬೇಡಿ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ತಪ್ಪಿಸುತ್ತದೆ, 30ಕ್ಕೆ ಸಣ್ಣ ಕಾರು ತೇಲುತ್ತದೆ, 60 ಸೆಂಟಿಮೀಟರ್ ಬಹುತೇಕ ವಾಹನಗಳನ್ನು ಎಳೆದೊಯ್ಯುತ್ತದೆ. ಮ್ಯಾನ್‌ಹೋಲಿನ, ಸಂಪಿನ ಮುಚ್ಚಳ ಕೊಚ್ಚಿಹೋಗಿದ್ದರೆ ಕೆಸರು ನೀರಿನಲ್ಲಿ ಗುಂಡಿ ಕಾಣುವುದೇ ಇಲ್ಲ. ಹಾಗಾಗಿ ಮಹಡಿ ಹತ್ತುವ ದಾರಿ ಮನೆಯೊಳಗೇ ಇದ್ದರೆ ಬೀದಿಗಿಳಿಯುವ ಯೋಚನೆಯೇ ಬೇಡ.

ನೀರು ಇಳಿದ ಮೇಲೆ ಪೊರಕೆಗೆ ಕೈ ಹಾಕುವ ಮೊದಲು ಗೋಡೆಯ ಮೇಲಿನ ಕೆಸರಿನ ಗೆರೆ, ಹಾಳಾದ ಸಾಮಾನು ಎಲ್ಲದರ ಫೋಟೋ ತೆಗೆಯಿರಿ. ವಿಮೆಯವರು ಕೇಳುವುದು ಅದನ್ನೇ. ನೆನೆದ ವೈರಿಂಗನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮೇನ್ ಏರಿಸಬೇಡಿ. ಸಂಪಿಗೆ ಚರಂಡಿ ನೀರು ಸೇರಿದ್ದರೆ ಪೂರ್ತಿ ಖಾಲಿ ಮಾಡಿ ತೊಳೆಯಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ಎಣ್ಣೆ, ರಾಸಾಯನಿಕ ಹೋಗುವುದಿಲ್ಲ. ಬೂಟು, ಗ್ಲೌಸ್ ಇಲ್ಲದೆ ಕೆಸರಿಗಿಳಿಯಬೇಡಿ, ಇಲಿಜ್ವರ ಕಾಲಿನ ಸಣ್ಣ ಗಾಯದಿಂದಲೂ ಒಳಗೆ ಬರುತ್ತದೆ. ಬ್ಲೀಚನ್ನೂ ಟಾಯ್ಲೆಟ್ ತೊಳೆಯುವ ಆ್ಯಸಿಡ್ಡನ್ನೂ ಬೆರೆಸಿದರೆ ವಿಷಾನಿಲ ಹುಟ್ಟುತ್ತದೆ, ಒಂದೇ ದಿನ ಎರಡೂ ಬೇಡ. ನೆನೆದ ಹಾಸಿಗೆ, ದಿಂಬಿನ ಮೇಲೆ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಚರಂಡಿ ನೀರು ಕುಡಿದ ಹಾಸಿಗೆಯನ್ನು ಮರುಕಪಡದೆ ಎಸೆಯಿರಿ. ಗೋಡೆಗೆ ಮಾತ್ರ ಅವಸರ ಬೇಡ, ಬೀರುಗಳನ್ನು ಒಂದು ಗೇಣು ಮುಂದಕ್ಕೆ ಎಳೆದು ಫ್ಯಾನು ಬಿಡಿ. ಹಬ್ಬ ಬಂತು, ನೆಂಟರು ಬಂದರು ಅಂತ ಹಸಿ ಗೋಡೆಗೆ ಬಣ್ಣ ಹೊಡೆಸಿದರೆ ಹಪ್ಪಳದಂತೆ ಎದ್ದುಬರುತ್ತದೆ.