ಆಯಿಲ್ ಲೀಕ್ ಇತ್ತು, ಆದರೂ ಎಂಜಿನ್ ಇಳಿಸಲಿಲ್ಲ

ನನ್ನ ಹಳೇ 350 ಸಿಸಿ ಬೈಕ್‌ಗೆ ಪೂರ್ತಿ ಎಂಜಿನ್ ಕೆಲಸ ಮಾಡಿಸಿ ಅಂತ ಎಲ್ಲರ ಸಲಹೆ. ಆದರೆ ಒಳಗೆ ಆಯಿಲ್ ಉರಿಯುತ್ತಿದೆ ಅಂತ ತೋರಿಸುವ ನೀಲಿ ಹೊಗೆ ಇರಲಿಲ್ಲ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಚೆನ್ನಾಗಿತ್ತು, ಒಳಗಿಂದ ಬಡಿತದ ಸದ್ದೂ ಇಲ್ಲ. ಅಂದಮೇಲೆ ಪಿಸ್ಟನ್, ಅದು ಓಡಾಡುವ ಬೋರ್ (ಸಿಲಿಂಡರಿನ ಒಳಭಾಗ) ಮುಟ್ಟುವುದು ಯಾಕೆ, ಅಲ್ವಾ?

ಎಂಜಿನ್ ತಣ್ಣಗಿದ್ದಾಗ ಸೀಮೆಎಣ್ಣೆಯಿಂದ ತೊಳೆದು ಚೆನ್ನಾಗಿ ಒಣಗಿಸಿದೆ. ಟಾಲ್ಕಂ ಪೌಡರ್ ಉದುರಿಸಿ ಸ್ವಲ್ಪ ದೂರ ಓಡಿಸಿದೆ. ಪೌಡರ್ ಮೊದಲು ಒದ್ದೆಯಾದ ಜಾಗವೇ ಲೀಕಿನ ಮೂಲ. ಗಾಳಿಗೆ ಆಯಿಲ್ ಹಿಂದಕ್ಕೆ ಹರಡುವುದರಿಂದ ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ.

ಲೀಕ್ ಸಿಕ್ಕಿದ್ದು ಎರಡು ಕಡೆ: ಎಂಜಿನ್ ಮೇಲ್ಭಾಗದ ರಾಕರ್ ಕವರ್ ಕೆಳಗಿನ ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಹಾಳೆ), ಚೈನ್ ಓಡಿಸುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್. ಎರಡನ್ನೂ ಬದಲಿಸಿದೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕೂಡ ಕಟ್ಟಿಕೊಂಡಿತ್ತು, ಬಿಡಿಸಿದೆ. ಇದನ್ನು ಮರೆಯಬೇಡಿ. ಅದು ಮುಚ್ಚಿದರೆ ಕ್ರ್ಯಾಂಕ್‌ಕೇಸಿನಲ್ಲಿ (ಎಂಜಿನ್ನಿನ ಕೆಳಗಿನ ಪೆಟ್ಟಿಗೆ) ಒತ್ತಡ ಏರಿ ಹೊಸ ಸೀಲಿನಿಂದಲೂ ಆಯಿಲ್ ಬರಬಹುದು.

ಈಗ ಲೀಕ್ ನಿಂತಿದೆ. ಹೊಗೆ ಶುರುವಾದರೆ ಮಾತ್ರ ಬೋರ್ ಕೆಲಸ ಮಾಡಿಸುತ್ತೇನೆ.