ಸ್ಟೆಂಟ್ ಹಾಕಿದ ಮೇಲೆ ನಾನು ಜೋಡಿಸಿಕೊಂಡ ಆರೈಕೆ

ಏನಾದರೂ ಸಹಾಯ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಯಾವ ಸಹಾಯ, ಯಾರಿಂದ, ಯಾವ ಹೊತ್ತಿಗೆ ಅನ್ನುವುದನ್ನು ನಾವೇ ಹೇಳಬೇಕು. ಹಾರ್ಟ್ ಅಟ್ಯಾಕ್ ಆಗಿ, ಬೆಂಗಳೂರಿನಲ್ಲಿ ಸ್ಟೆಂಟ್ (ಮುಚ್ಚಿದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡು ತಿಪಟೂರಿಗೆ ವಾಪಸ್ ಬಂದ ಮೇಲೆ ನಾನು ಮಾಡಿದ್ದು ಮುಖ್ಯವಾಗಿ ಇದೊಂದೇ ಕೆಲಸ. ಆಗ ನನಗೆ ಐವತ್ತೆರಡು. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್.

ಆಸ್ಪತ್ರೆಯಲ್ಲಿ ಇರುವಷ್ಟು ದಿನ ಹೊತ್ತಿಗೆ ಸರಿಯಾಗಿ ಮಾತ್ರೆ ಬರುತ್ತದೆ, ಬಿಪಿ ನೋಡುತ್ತಾರೆ, ಎದೆ ಚುರುಕ್ ಅಂದರೆ ಇಸಿಜಿ ತೆಗೆಯುತ್ತಾರೆ. ಮನೆಗೆ ಬಂದಾಗ ಕೈಯಲ್ಲಿ ಇರುವುದು ಒಂದು ಡಿಸ್ಚಾರ್ಜ್ ಸಮ್ಮರಿ, ಒಂದು ಚೀಲ ಮಾತ್ರೆ, "ತಿಂಗಳು ಬಿಟ್ಟು ಬನ್ನಿ" ಅನ್ನುವ ಮಾತು. ನಡುವಿನ ಆ ತಿಂಗಳನ್ನು ನೋಡಿಕೊಳ್ಳುವವರು ಯಾರು?

ಬೆಂಗಳೂರಿಗೆ ಪದೇ ಪದೇ ಹೋಗುವುದು ಆಗದ ಮಾತು. ಹಾಗಾಗಿ ಊರಿನಲ್ಲೇ ಒಬ್ಬ ಫಿಜಿಷಿಯನ್ ಹಿಡಿದುಕೊಂಡೆ. ಮೊದಲ ವಾರವೇ ಹೋಗಿ, "ಡಾಕ್ಟ್ರೇ, ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಡಾಕ್ಟರನ್ನ ನೋಡ್ತೀನಿ. ಮಿಕ್ಕಿದ್ದಕ್ಕೆಲ್ಲ ನೀವೇ ನನ್ನ ಡಾಕ್ಟರ್, ಆಗುತ್ತಾ?" ಅಂತ ಕೇಳಿದೆ. ಅವರು ಒಪ್ಪಿಕೊಂಡರು. ಡಿಸ್ಚಾರ್ಜ್ ಸಮ್ಮರಿಯನ್ನು ಅವರ ಟೇಬಲ್ ಮೇಲೆ ಬಿಡಿಸಿ, ಒಂದೊಂದೇ ಸಾಲು ಕೇಳಿ ತಿಳಿದುಕೊಂಡೆ. ಎಲ್‌ಎಡಿ ಅಂದರೆ ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ. ಬ್ಲಾಕ್ ಇದ್ದದ್ದು ಅದರಲ್ಲಿ. ಇಎಫ್ 42 ಅಂತ ಬರೆದಿತ್ತು. ಹೃದಯ ಒಂದು ಸಲ ಹಿಂಡಿದಾಗ ಒಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. 55ರ ಮೇಲಿದ್ದರೆ ಚಿಂತೆ ಇಲ್ಲ. ನನ್ನದು ಕಡಿಮೆ ಇತ್ತು, ಆದರೆ ಮಾತ್ರೆ, ನಡಿಗೆ ಎರಡೂ ಸರಿಯಾಗಿ ಆದರೆ ಏರುವ ಸಾಧ್ಯತೆ ಇದೆ ಅಂದರು. ಮೂರು ತಿಂಗಳ ನಂತರದ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, 51 ಬಂತು.

ಸಮ್ಮರಿ, ಸ್ಟೆಂಟ್ ಕಾರ್ಡ್, ಕೊನೆಯ ಇಸಿಜಿ ಮೂರರ ಫೋಟೋ ನನ್ನ ಮೊಬೈಲಿನಲ್ಲೂ ಇದೆ, ನಮ್ಮನೆಯವರ ಮೊಬೈಲಿನಲ್ಲೂ ಇದೆ. ಹಳೇ ಇಸಿಜಿ ಯಾಕೆ ಅಂದರೆ, ಅಟ್ಯಾಕ್ ಆದವರ ಇಸಿಜಿಯಲ್ಲಿ ಹಳೆಯ ಗುರುತು ಉಳಿದಿರಬಹುದು. ರಾತ್ರಿ ಎದೆನೋವು ಅಂತ ಹೋದರೆ ಡ್ಯೂಟಿ ಡಾಕ್ಟರಿಗೆ ಯಾವುದು ಹಳೇದು, ಯಾವುದು ಹೊಸದು ಅಂತ ಹೋಲಿಸಿ ನೋಡಲು ಅದು ಬೇಕು.

ಮಾತ್ರೆ ವಿಷಯ ಸ್ವಲ್ಪ ಜಾಸ್ತಿನೇ ಹೇಳುತ್ತೇನೆ. ಆಸ್ಪಿರಿನ್ 75 ಮಿ.ಗ್ರಾಂ, ಟಿಕಾಗ್ರೆಲಾರ್ 90 ಮಿ.ಗ್ರಾಂ ದಿನಕ್ಕೆ ಎರಡು ಸಲ, ರಾತ್ರಿ ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ 80 ಮಿ.ಗ್ರಾಂ, ಜೊತೆಗೆ ಹೃದಯದ ಭಾರ ಇಳಿಸುವ ಮೆಟೊಪ್ರೊಲಾಲ್, ರಾಮಿಪ್ರಿಲ್, ಮತ್ತೆ ಗ್ಯಾಸ್ ಮಾತ್ರೆ. ಯಾವುದು ಯಾಕೆ ಅಂತ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕನ್ನಡದಲ್ಲೇ ಬರೆದುಕೊಂಡೆ. ರಕ್ತ ತೆಳು ಮಾಡುವ ಮೊದಲ ಎರಡು ಮಾತ್ರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಕಾಯುತ್ತವೆ. ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು. ಅವನ್ನು ನಮ್ಮಷ್ಟಕ್ಕೆ ನಾವೇ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗಿ ಮತ್ತೆ ಅಟ್ಯಾಕ್ ಆಗಬಹುದು. ಮಾತ್ರೆ ಡಬ್ಬಿ ತುಂಬಿಸುವ ಕೆಲಸ ನಮ್ಮನೆಯವರದು, ಪ್ರತಿ ಭಾನುವಾರ ಕಾಫಿ ಆದ ಮೇಲೆ. ಸ್ಟಾಕ್ ಒಂದು ವಾರಕ್ಕಿಂತ ಕಡಿಮೆಯಾದರೆ ಮೆಡಿಕಲ್ ಶಾಪಿಗೆ ಹೋಗುವುದು ಮಗನ ಕೆಲಸ. ಸ್ಟೆಂಟ್ ಖರ್ಚು ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಯೋಜನೆಯಲ್ಲಿ ಕಳೆದಿತ್ತು, ತಿಂಗಳ ಮಾತ್ರೆಯದು ನಮ್ಮ ಕೈಯಿಂದಲೇ. ಅದಕ್ಕೆ ಜೆನೆರಿಕ್ ಯಾವುದು ಆಗುತ್ತದೆ ಅಂತ ಡಾಕ್ಟರ ಹತ್ತಿರವೇ ಕೇಳಿ ಬರೆಸಿಕೊಂಡೆ.

ಕೆಲವು ವಾರ ಆದ ಮೇಲೆ ಸುಮ್ನೆ ಕೂತಿದ್ದಾಗಲೂ ಒಂದು ಥರ ಉಸಿರು ಸಾಲದ ಹಾಗೆ ಅನ್ನಿಸತೊಡಗಿತು. ಮೆಟ್ಟಿಲು ಹತ್ತುವಾಗ ಇಲ್ಲ, ಕೂತಾಗ ಇದೆ! ಮಾತ್ರೆ ನಿಲ್ಲಿಸದೆ ಫಿಜಿಷಿಯನ್‌ಗೆ ಫೋನ್ ಮಾಡಿದೆ. ಅವತ್ತೇ ಕರೆದು ಇಸಿಜಿ, ಎಕೋ, ಆಕ್ಸಿಜನ್ ಎಲ್ಲ ನೋಡಿದರು. ಹೃದಯದಲ್ಲಿ ಹೊಸ ತೊಂದರೆ ಇರಲಿಲ್ಲ. ಟಿಕಾಗ್ರೆಲಾರ್ ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಹೀಗೆ ಉಸಿರಿನ ತೊಂದರೆ ಆಗುತ್ತದಂತೆ. ಬೆಂಗಳೂರಿನ ಡಾಕ್ಟರ ಜೊತೆ ಮಾತಾಡಿ ಅದರ ಬದಲು ಅದೇ ಕೆಲಸ ಮಾಡುವ ಕ್ಲೋಪಿಡೋಗ್ರೆಲ್ ಕೊಟ್ಟರು. ಕೆಲವೇ ದಿನದಲ್ಲಿ ಸರಿಹೋಯಿತು. ರಾಮಿಪ್ರಿಲ್‌ನಿಂದ ಒಣಕೆಮ್ಮು ಬರುವುದೂ ಇದೇ ಥರ, ಅದಕ್ಕೂ ಬೇರೆ ಮಾತ್ರೆ ಇದೆ. ಏನಾದರೂ ಕಿರಿಕಿರಿ ಆದರೆ ಹೇಳಿ, ಬದಲಾಯಿಸಿಕೊಳ್ಳಿ. ದಯವಿಟ್ಟು ಸುಮ್ಮನೆ ಬಿಟ್ಟುಬಿಡಬೇಡಿ.

ಹಲ್ಲು ಕೀಳಿಸುವಾಗಲೂ ಇದೇ ಪ್ರಶ್ನೆ ಬಂತು. ಐದು ದಿನ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ ಬನ್ನಿ ಅಂದರು ಹಲ್ಲಿನ ಕ್ಲಿನಿಕ್ಕಿನಲ್ಲಿ. ನಾನು ಹೃದಯದ ಡಾಕ್ಟರನ್ನು ಕೇಳಿದೆ, ನಿಲ್ಲಿಸಲೇಬಾರದು ಅಂದರು. ಬೇರೆ ದಂತವೈದ್ಯರ ಹತ್ತಿರ ಮಾತ್ರೆ ನಿಲ್ಲಿಸದೆ ಕೀಳಿಸಿಕೊಂಡೆ. ಒಂದು ಹೊಲಿಗೆ ಹಾಕಿ, ಹತ್ತಿ ಒತ್ತಿ ಹಿಡಿಸಿದರು, ರಕ್ತ ನಿಂತಿತು. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳೂ ನಮಗೆ ಬೇಡ. ಪ್ಯಾರಾಸಿಟಮಾಲ್ ಸಾಕು.

ಹೃದಯದ ರಿಹ್ಯಾಬ್ ಅಂತ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ. ವಾರಕ್ಕೆ ಎರಡು ಮೂರು ಸಲ ಹೋಗಿ, ನೋಡಿಕೊಳ್ಳುವವರ ಮುಂದೆ ವ್ಯಾಯಾಮ ಮಾಡಬೇಕು. ತಿಪಟೂರಿನಿಂದ ಅದಕ್ಕೋಸ್ಕರ ರೈಲು ಹತ್ತಿ ಓಡಾಡುವುದು ಹೇಗೆ? ತಪಾಸಣೆಗೆ ಹೋದ ದಿನವೇ ಅಲ್ಲಿನ ಫಿಸಿಯೋಥೆರಪಿಸ್ಟ್ ಹತ್ತಿರ ಸಮಯ ಕೇಳಿ ಮನೆಯಲ್ಲಿ ಮಾಡುವ ಕ್ರಮ ಕಲಿತುಕೊಂಡೆ. ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಎಷ್ಟು ದೂರ ಆಯಿತು ಅಂತ ಅಳೆದರು. ಎಷ್ಟರಿಂದ ಶುರು ಮಾಡಬಹುದು ಅಂತ ಅದರಿಂದ ಗೊತ್ತಾಗುತ್ತದೆ.

ನನ್ನ ಜಾಗ ಸ್ಕೂಲಿನ ಮೈದಾನ. ಜೊತೆಗೆ ನಮ್ಮ ಓರಗಿತ್ತಿ. ಮೊದಲು ಹತ್ತು ನಿಮಿಷ, ಸಮತಟ್ಟು ನೆಲದಲ್ಲಿ. ಆಮೇಲೆ ಕೆಲವು ದಿನಕ್ಕೊಮ್ಮೆ ಎರಡು ಮೂರು ನಿಮಿಷ ಏರಿಸುತ್ತಾ ಅರ್ಧ ಗಂಟೆಗೆ ಬಂದೆ, ವಾರದಲ್ಲಿ ಐದು ದಿನ. ವೇಗ ಎಷ್ಟಿರಬೇಕು ಅನ್ನುವುದಕ್ಕೆ ಫಿಸಿಯೋ ಹೇಳಿಕೊಟ್ಟದ್ದು ಸುಲಭ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಓರಗಿತ್ತಿ ಮಾತಿಗೆ ನಾನು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡದೆ ಬರೀ "ಹ್ಞೂಂ" ಅಂದರೆ ಅವಳೇ ನಿಧಾನ ಮಾಡುತ್ತಾಳೆ. ಊಟ ಆದ ತಕ್ಷಣ ನಡೆಯುವುದಿಲ್ಲ. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ಮೆಲ್ಲಗೆ.

ಹೆಂಗಸರಿಗೆ ಇನ್ನೊಂದು ಕಷ್ಟ ಇದೆ. ಮನೆಕೆಲಸವನ್ನೇ ವ್ಯಾಯಾಮ ಅಂದುಕೊಳ್ಳುತ್ತಾರೆ. ಬಿಂದಿಗೆ ಎತ್ತುವುದು, ಉಸಿರು ಬಿಗಿಹಿಡಿದು ಬಕೆಟ್ ಎತ್ತಿ ಸುರಿಯುವುದು ಹೃದಯಕ್ಕೆ ದಿಢೀರ್ ಭಾರ. ನಡಿಗೆ ಕೊಡುವ ಲಾಭ ಅದರಿಂದ ಸಿಗುವುದಿಲ್ಲ. ನೀರು ತುಂಬುವುದು, ಸಿಲಿಂಡರ್ ಬದಲಾಯಿಸುವುದು ಮನೆಯ ಗಂಡಸರದು ಅಂತ ಮೊದಲ ದಿನವೇ ತೀರ್ಮಾನ ಮಾಡಿದೆವು. ಬೆಳಗಿನ ತಿಂಡಿ ಮಗ ಕಲಿತ. ನಾನು ನಡೆದು ಬರುವಷ್ಟರಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ಆಗಿರುತ್ತದೆ. ಈ ಅರ್ಧ ಗಂಟೆ ಯಾರೋ ಬಿಟ್ಟುಕೊಟ್ಟರೆ ಮಾತ್ರ ಸಿಗುವಂಥದ್ದು. ಅದಕ್ಕೆ ಬಾಯಿಬಿಟ್ಟು ಕೇಳಿ ತೆಗೆದುಕೊಳ್ಳಿ ಅನ್ನುತ್ತೇನೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಪ್ಪು ಇಡೀ ದಿನಕ್ಕೆ ಒಂದು ಟೀ ಚಮಚದೊಳಗೆ, ಅಂದರೆ ಉಪ್ಪಿನಕಾಯಿ, ಹಪ್ಪಳ ಎರಡಕ್ಕೂ ವಿದಾಯ. ಕೊಬ್ಬರಿ ಮಾತ್ರ ನಮ್ಮೂರಿನ ವಿಷಯ. ಏಷ್ಯಾದಲ್ಲೇ ಹೆಸರಾದ ಕೊಬ್ಬರಿ ಮಾರುಕಟ್ಟೆ ಇರುವ ಊರಿನಲ್ಲಿ ಎಲ್ಲ ಸಾರಿಗೂ ಪಲ್ಯಕ್ಕೂ ಕಾಯಿ ಬೀಳುತ್ತದೆ. ತೆಂಗಿನ ಜಿಡ್ಡಿನಲ್ಲಿ ಬಹುಪಾಲು ಸ್ಯಾಚುರೇಟೆಡ್ ಕೊಬ್ಬೇ. ಪೂರ್ತಿ ಬಿಡಲಿಲ್ಲ. ಪಲ್ಯದ ಮೇಲೆ ಚೂರು ಉದುರಿಸುತ್ತೇನೆ, ಚಟ್ನಿಗೆ ಅರ್ಧ ಕಾಯಿ ಅರ್ಧ ಹುರಿಗಡಲೆ, ಸಾರಿಗೆ ರುಬ್ಬಿ ಹಾಕುವುದು ನಿಲ್ಲಿಸಿದೆ. ಇಷ್ಟರಿಂದಲೇ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿಯುವುದಿಲ್ಲ, ಮಾತ್ರೆ ಬೇಕೇ ಬೇಕು. ಅಟ್ಯಾಕ್ ಆದವರಿಗೆ ಅದು 55ರ ಕೆಳಗೆ ಇರಬೇಕು. ನನ್ನದು 70ರ ಹತ್ತಿರವೇ ನಿಂತಾಗ ಎಜೆಟಿಮೈಬ್ ಅನ್ನುವ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸಿದರು, ಆಮೇಲೆ 50ಕ್ಕೆ ಬಂತು. ಲ್ಯಾಬ್ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಅಚ್ಚಾಗಿದ್ದರೂ ನಮ್ಮ ಗುರಿ ಬೇರೆ, ನೆನಪಿರಲಿ.

ರಾತ್ರಿಯ ಭಯ ಬಹಳ ದಿನ ಹೋಗಲಿಲ್ಲ. ಎಡ ಮಗ್ಗುಲಿಗೆ ಮಲಗಿದರೆ ಎದೆಬಡಿತ ಕೇಳಿಸುತ್ತದೆ, ನಿದ್ದೆ ಹಾರಿಹೋಗುತ್ತದೆ. 2025ರ ಜೂನ್, ಜುಲೈನಲ್ಲಿ ಪಕ್ಕದ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ದಿನವಿಡೀ ಬರುತ್ತಿತ್ತು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಆಗ ನನಗೆ ಊಟವೂ ಸೇರದೆ, ಕಾರಣವಿಲ್ಲದೆ ಅಳು ಬರುತ್ತಿತ್ತು. ಫಿಜಿಷಿಯನ್‌ಗೆ ಅದನ್ನೂ ಹೇಳಿದೆ. ಹಾರ್ಟ್ ಅಟ್ಯಾಕ್ ಆದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ, ಅದೂ ಚಿಕಿತ್ಸೆ ಬೇಕಾದ ಕಾಯಿಲೆಯೇ ಅಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದೆ. ಕನ್ನಡದಲ್ಲೇ, ತಾಳ್ಮೆಯಿಂದ ಮಾತಾಡಿದರು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ನನ್ನ ಜೊತೆ ಒಂದೇ ವಾರ್ಡಿನಲ್ಲಿದ್ದ ಅರಸೀಕೆರೆ ಕಡೆಯ ಅಕ್ಕ ಒಬ್ಬರ ನಂಬರ್ ಇಟ್ಟುಕೊಂಡಿದ್ದೆ. ಈಗಲೂ ವಾರಕ್ಕೊಮ್ಮೆ ಮಾತಾಡುತ್ತೇವೆ. ಮನೆಯವರಿಗೆ ಹೇಳಿದರೆ ಗಾಬರಿಯಾಗುವ ಮಾತನ್ನು ಅವರಿಗೆ ಹೇಳಬಹುದು.

ಎದೆ ಹಿಡಿದರೆ ಏನು ಮಾಡಬೇಕು ಅನ್ನುವುದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಕೂತುಕೊಂಡು ನಾಲಿಗೆ ಕೆಳಗೆ ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಒಂದು. ನಿಂತು ಹಾಕಿಕೊಂಡರೆ ಬಿಪಿ ಇಳಿದು ತಲೆಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108. ಗ್ಯಾಸ್ ಇರಬಹುದು ಅಂತ ಕಾಯುವುದಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಕೇಂದ್ರಕ್ಕೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ.

ಸ್ಕೂಲಿಗೆ ಹೋಗಲು ಶುರು ಮಾಡಿದಾಗ ಹೆಡ್‌ಮಾಸ್ಟರಿಗೆ ಎರಡೇ ಕೋರಿಕೆ ಇಟ್ಟೆ: ಕ್ಲಾಸುಗಳು ಕೆಳಗಿನ ಮಹಡಿಯಲ್ಲಿ ಇರಲಿ, ಮೊದಲ ತಿಂಗಳು ಸತತ ಮೂರು ಪೀರಿಯಡ್ ಬೇಡ. ಎರಡಕ್ಕೂ ಒಪ್ಪಿದರು. ಸಹೋದ್ಯೋಗಿಯೊಬ್ಬರಿಗೆ ನನ್ನ ಬ್ಯಾಗಿನಲ್ಲಿ ಸಾರ್ಬಿಟ್ರೇಟ್ ಎಲ್ಲಿದೆ ಅಂತ ತೋರಿಸಿದ್ದೇನೆ.

ವರ್ಷ ತುಂಬಿದ ಮೇಲೆ ಡಾಕ್ಟರೇ ಕ್ಲೋಪಿಡೋಗ್ರೆಲ್ ನಿಲ್ಲಿಸಿದರು. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ಮುಂದುವರಿಯುತ್ತವೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಇದೆ. ಇನ್ನೊಂದು ವಿಷಯ ಅವರೇ ನೆನಪಿಸಿದರು: 65ರೊಳಗೆ ಹೆಂಗಸಿಗೆ ಹಾರ್ಟ್ ಅಟ್ಯಾಕ್ ಆದರೆ ಅವಳ ಒಡಹುಟ್ಟಿದವರು, ಮಕ್ಕಳಿಗೂ ಅಪಾಯ ಜಾಸ್ತಿ. ತಮ್ಮನನ್ನೂ ಮಗನನ್ನೂ ಕರೆದುಕೊಂಡು ಹೋಗಿ ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ ಮಾಡಿಸಿದೆ. ತಮ್ಮನ ಕೊಲೆಸ್ಟ್ರಾಲ್ ಹೆಚ್ಚಿತ್ತು. ಈಗ ಅವನೂ ಅದೇ ಫಿಜಿಷಿಯನ್ ಹತ್ತಿರ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಬೀಡಿ ಬಿಡಲು ತಂಬಾಕು ಬಿಡಿಸುವ ಸಹಾಯವಾಣಿಯ 1800-11-2356 ನಂಬರಿಗೂ ಫೋನ್ ಮಾಡಿದ್ದಾನೆ.