ಜಿನ್ನಿಯಾಗೆ ಬಿಸಿಲು ಕೊಡಿ, ಚಿಟ್ಟೆ ತಾನೇ ಬರುತ್ತೆ

ಗಣರಾಜ್ಯೋತ್ಸವಕ್ಕೋ ಆಗಸ್ಟ್ 15ಕ್ಕೋ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬರುವವರ ಕೈಯಲ್ಲಿ ಹೂ ತುಂಬಿದ ಕುಂಡವೊಂದು ಇದ್ದೇ ಇರುತ್ತದೆ. ಅರಳಿದ ಗಿಡ ತರಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಒಂದೇ ಹಂಗಾಮಿಗೆ ಬಾಳುವ ಗಿಡಕ್ಕೆ ಅರ್ಧ ಆಯಸ್ಸು ನರ್ಸರಿಯಲ್ಲೇ ಕಳೆದಿರುತ್ತದೆ, ಮನೆಗೆ ಬಂದ ಮೇಲೆ ನಾಲ್ಕು ದಿನದ ಸಂಭ್ರಮ ಅಷ್ಟೆ. ಅದೇ ದುಡ್ಡಿಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ಕಡೆಯ ನರ್ಸರಿಯಲ್ಲಿ ಜಿನ್ನಿಯಾ ಬೀಜದ ಪ್ಯಾಕೆಟ್ ತನ್ನಿ. ಮೂಲ ಮೆಕ್ಸಿಕೋದ್ದಾದರೂ ನಮ್ಮೂರಿನ ತಾರಸಿಗೆ ಚೆನ್ನಾಗಿ ಒಗ್ಗಿಕೊಂಡಿರುವ ಗಿಡ.

ಪ್ಯಾಕೆಟ್ ಮೇಲಿನ ಚಿತ್ರ ನೋಡಿ ಕೊಳ್ಳಿ, ಬಣ್ಣ ಆಮೇಲಿನ ಮಾತು. ಡೇಲಿಯಾ ಥರ ಉಂಡೆಯಾಗಿ ದಳ ತುಂಬಿಕೊಂಡ ಜಾತಿ ನಮ್ಮ ಕಣ್ಣಿಗೆ ಚೆಂದ, ಜೇನಿಗೆ ದಂಡ. ಒಂದೆರಡು ಸುತ್ತು ದಳವಿದ್ದು ನಡುಭಾಗ ಬಿಚ್ಚಿಕೊಂಡಿರುವ ಜಾತಿಯೇ ಬೇಕು. ಅರಳಿದ ಹೂವನ್ನು ಹತ್ತಿರದಿಂದ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ನಡುವಿನ ಗುಬುಟಿನ ಸುತ್ತ ಹಳದಿ ನಕ್ಷತ್ರದಂಥ ಪುಟಾಣಿ ಹೂಗಳು ಸಾಲಾಗಿ ಬಿರಿದಿರುತ್ತವೆ, ಮಕರಂದ ಇರುವುದು ಅವುಗಳೊಳಗೆ. ಚಿಟ್ಟೆ ದಳದ ಮೇಲೆ ಕಾಲೂರಿ, ಸುರುಳಿ ಬಿಚ್ಚಿದ ನಾಲಿಗೆಯನ್ನು ಒಂದು ಹೂವಿಗೆ ಚುಚ್ಚಿ, ತೆಗೆದು, ಪಕ್ಕದ್ದಕ್ಕೆ ಚುಚ್ಚಿ, ಹಾಗೇ ಒಂದು ಸುತ್ತು ಬರುತ್ತದೆ. ತುಡುವೆ ಜೇನು, ಕೋಲುಜೇನುಗಳಿಗೂ ಅದೇ ಊಟದ ತಟ್ಟೆ. ತುಂಬುದಳದ ಜಾತಿಯಲ್ಲಿ ಈ ಪುಟಾಣಿಗಳು ಬಹುಪಾಲು ದಳವಾಗಿಬಿಟ್ಟಿರುತ್ತವೆ. ಬಂದವರು ಬರಿಹೊಟ್ಟೆಯಲ್ಲಿ ಹೋಗುತ್ತಾರೆ.

ಸಂಕ್ರಾಂತಿ ಮುಗಿಯುತ್ತಲೇ ಬೀಜ ಹಾಕಿದರೆ ಯುಗಾದಿ ಹೊತ್ತಿಗೆ ಹೂ ಸಿಗುತ್ತದೆ, ಎಂಟರಿಂದ ಹತ್ತು ವಾರದ ಲೆಕ್ಕ. ಮಳೆಗಾಲದಲ್ಲೂ ಬೆಳೆಯಬಹುದು, ಆದರೆ ಸೆಪ್ಟೆಂಬರ್‌ನ ಜಡಿಮಳೆಗೆ ಎಳೆಸಸಿ ಮಣ್ಣಿಗೆ ಮುಖ ಹಾಕುತ್ತದೆ, ಬಸವನಹುಳು ಬೇರೆ ರಾತ್ರೋರಾತ್ರಿ ಬೋಳಿಸುತ್ತದೆ. ಕೆಂಪು ಮಣ್ಣು, ಎರೆಗೊಬ್ಬರ, ಸ್ವಲ್ಪ ಮರಳು ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಹಿಡಿ ಬೇವಿನ ಹಿಂಡಿ ಸಾಕು. ಹೆಚ್ಚಿಗೆ ಗೊಬ್ಬರ ಸುರಿದರೆ ಎಲೆಯೇ ಬೆಳೆದು ಹೂ ಹಿಂದೆ ಬೀಳುತ್ತದೆ. ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ, ಬೆಳೆಯಬೇಕಾದ ಕುಂಡದಲ್ಲೇ ನೇರವಾಗಿ ಊರಿ. ಬೇರು ಅಲುಗಾಡಿಸಿದರೆ ಈ ಗಿಡಕ್ಕೆ ಆಗಿಬರುವುದಿಲ್ಲ. ವಾರದೊಳಗೆ ಮೊಳಕೆ ಬರುತ್ತದೆ. ಹನ್ನೆರಡಿಂಚಿನ ಕುಂಡಕ್ಕೆ ಎರಡೇ ಗಿಡ ಉಳಿಸಿ, ಮಿಕ್ಕಿದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಎಳೆಗಿಡ ಕೊಲ್ಲಲು ಮನಸ್ಸು ಬರಲ್ಲ ಅನ್ನುವವರ ಮನೆಯಲ್ಲೇ ಮುಂದೆ ರೋಗ ಬರುವುದು.

ಆ ರೋಗದ ಹೆಸರು ಬೂದಿ ರೋಗ. ಎಲೆ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಹರಡಿ, ಆಮೇಲೆ ಎಲೆ ಸುರುಟಿಕೊಳ್ಳುತ್ತದೆ. ಬೆಂಗಳೂರಿನ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ, ಕೆಳಗಿನ ಮನೆ ಬಾಲ್ಕನಿಯಲ್ಲಿ ಗಾಳಿಯೇ ಆಡುವುದಿಲ್ಲ. ಜಿನ್ನಿಯಾಗೆ ಕಡಿಮೆಯೆಂದರೆ ಆರು ಗಂಟೆ ಬಿಸಿಲು ಬೇಕು, ಕುಂಡ ಕುಂಡದ ನಡುವೆ ಒಂದು ಗೇಣು ಜಾಗ ಬೇಕು. ನಿಮ್ಮ ಬಾಲ್ಕನಿಗೆ ಅಷ್ಟು ಬಿಸಿಲಿಲ್ಲದಿದ್ದರೆ ಈ ಗಿಡದ ಸಹವಾಸ ಬಿಡಿ, ಕರ್ಣಕುಂಡಲ ಹಾಕಿ. ನೀರು ಬೆಳಿಗ್ಗೆ ಹೊತ್ತು, ಬುಡಕ್ಕೆ ಮಾತ್ರ. ಸಂಜೆ ಪೈಪು ಹಿಡಿದು ಗಿಡಕ್ಕೆಲ್ಲ ಸ್ನಾನ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2016ರ ಜನವರಿಯಲ್ಲಿ ಅಂತರಿಕ್ಷ ನಿಲ್ದಾಣದಲ್ಲಿ ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ ಅರಳಿಸಿದ ಹೂವೂ ಜಿನ್ನಿಯಾವೇ. ಅಲ್ಲೂ ತೇವ ಹೆಚ್ಚಾಗಿ ಎಲೆಗೆ ಬೂಷ್ಟು ಹತ್ತಿತ್ತು. ಫ್ಯಾನಿನ ಗಾಳಿ ಜೋರು ಮಾಡಿದ ಮೇಲೆ ಉಳಿದ ಗಿಡಗಳು ಚೇತರಿಸಿಕೊಂಡವು. ನಮಗೆ ತಾರಸಿ ಗಾಳಿ ಬಿಟ್ಟಿ ಸಿಗುತ್ತದೆ! ಬಿಳಿ ಪುಡಿ ಕಾಣಿಸಿದ ಕೂಡಲೇ ಆ ಎಲೆ ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಲ್ಲ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲೇರುವ ಮುಂಚೆ ಸಿಂಪಡಿಸಿದರೆ ಶುರುವಿನಲ್ಲಿ ಹಿಡಿತಕ್ಕೆ ಬರುತ್ತದೆ.

ಗಿಡ ಒಂದು ಗೇಣು ಬೆಳೆದಾಗ ಮೂರನೇ ಜೋಡಿ ಎಲೆಯ ಮೇಲೆ ತುದಿ ಚಿವುಟಿ. ಹೂ ಒಂದು ವಾರ ತಡವಾದರೂ ಕವಲು ಹೆಚ್ಚುತ್ತದೆ. ಬಾಡಿದ ಹೂವನ್ನು ತೊಟ್ಟಿನ ಸಮೇತ, ಕೆಳಗಿನ ಎಲೆಜೋಡಿಯವರೆಗೆ ಕತ್ತರಿಸುತ್ತಿರಿ. ಹೂದಾನಿಗೆ ಬೇಕಾದರೆ ಹೂವಿನಿಂದ ಅರ್ಧ ಗೇಣು ಕೆಳಗೆ ಕಾಂಡ ಹಿಡಿದು ಅಲ್ಲಾಡಿಸಿ ನೋಡಿ. ತಲೆ ಬಾಗಿ ತೂಗಿದರೆ ಇನ್ನೂ ಎಳಸು, ನೆಟ್ಟಗೆ ನಿಂತರೆ ಕೊಯ್ಯಬಹುದು.

ಔಷಧಿ ವಿಷಯದಲ್ಲಿ ನಾನು ಜಿಗುಟು. ಚಿಟ್ಟೆ ಬರಲಿ ಅಂತ ಹೂ ಬೆಳೆಸಿ, ಅದೇ ಗಿಡಕ್ಕೆ ಅಂಗಡಿಯ ಕೀಟನಾಶಕ ಹೊಡೆಯುವುದಕ್ಕೆ ಅರ್ಥವಿಲ್ಲ. ಗಿಡದ ರಸ ಹೀರುವ ಹೇನು ಕಂಡರೆ ಬೆಳಿಗ್ಗೆ ಅಲ್ಲಿಗೆ ಮಾತ್ರ ರಭಸದ ನೀರು ಬಿಟ್ಟು ತೊಳೆಯಿರಿ. ಬೇವಿನ ಎಣ್ಣೆ ಹಾಕಲೇಬೇಕೆಂದಿದ್ದರೆ ಜೇನು ಗೂಡಿಗೆ ಹೋದ ಮೇಲೆ ಮುಸ್ಸಂಜೆಗೆ, ಹೂ ಬಿಟ್ಟು ಎಲೆಯಡಿಗೆ ಹಾಕಿ. ಪಕ್ಕದ ಕುಂಡದ ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳುವಿದ್ದರೆ ಹೊಸಕಬೇಡಿ, ಜಿನ್ನಿಯಾಗೆ ಬರುವ ನಿಂಬೆ ಚಿಟ್ಟೆಯ ಸಂಸಾರ ಅದು. ಸಾರಿಗೆ ನಾಲ್ಕೆಲೆ ಕಡಿಮೆಯಾದರೆ ಏನೂ ಆಗುವುದಿಲ್ಲ.

ಕೊನೆಗೆ ಒಂದೆರಡು ಒಳ್ಳೆಯ ಹೂವನ್ನು ಗಿಡದಲ್ಲೇ ಕಂದು ಬಣ್ಣಕ್ಕೆ ತಿರುಗುವವರೆಗೆ ಬಿಡಿ. ಒಣಗಿದ ದಳ ಎಳೆದರೆ ಬುಡದಲ್ಲಿ ಬಾಣದ ಮೊನೆಯಂಥ ಬೀಜ ಅಂಟಿಕೊಂಡು ಬರುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಿಂಗಳು ಬರೆದಿಡಿ. ಹೈಬ್ರಿಡ್ ಪ್ಯಾಕೆಟ್ಟಿನದಾದರೆ ಮುಂದಿನ ಸಲ ಅದೇ ಬಣ್ಣ ಬರುತ್ತದೆ ಅಂತ ಕಾಯಬೇಡಿ.